ಧಾನ್ಯದಿಂದಲೇ ನಟ್ ಬ್ರೌನ್ ಏಲ್: ಚಾಕಲೇಟ್ ಮಾಲ್ಟ್ ಕಡಿಮೆ ಮಾಡಿ, ಮಾಲ್ಟ್ ನೀವೇ ಹುರಿಯಿರಿ

ಕೊಥ್ರೂಡ್ ಕಡಾಯಿ

ಪುಣೆಗೆ ಚಳಿ ಬಂತು. ರಾತ್ರಿ ಹೊತ್ತು 12 ಡಿಗ್ರಿ ಹತ್ತಿರ ಇಳಿಯುತ್ತಿದೆ. ಏಲ್ ಮಾಡುವವರಿಗೆ ಈ ಊರಿನಲ್ಲಿ ಇದಕ್ಕಿಂತ ಒಳ್ಳೆ ಕಾಲ ಸಿಗೋದಿಲ್ಲ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸದಿಂದ ಮಾಡಿದ ಎಕ್ಸ್‌ಟ್ರಾಕ್ಟ್ ಡಬ್ಬಿ ಬಿಟ್ಟು ಧಾನ್ಯದಿಂದಲೇ ನಟ್ ಬ್ರೌನ್ ಏಲ್ ಮಾಡೋದು ಹೇಗೆ ಅಂತ ಇಲ್ಲಿ ಹಲವರು ಕೇಳಿದ್ದರು. ಅವರಿಗಾಗಿ ಈ ಎಳೆ.

ಲೀಡ್ಸ್‌ನಲ್ಲಿ ಕೆಲಸಕ್ಕಿದ್ದಾಗ ನನಗೆ ಈ ಬಿಯರ್ ಹಿಡಿಸಿತು. ಲೀಡ್ಸ್ ಮತ್ತು ಯಾರ್ಕ್ ನಡುವೆ ಟ್ಯಾಡ್‌ಕಾಸ್ಟರ್ ಅಂತ ಪುಟ್ಟ ಊರಿದೆ. ಅಲ್ಲಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ 1758ರದ್ದು. ಅವರ ನಟ್ ಬ್ರೌನ್ ಏಲ್ ಕುಡಿದವರಿಗೆ ನಾನು ಯಾವ ರುಚಿಯ ಮಾತಾಡುತ್ತಿದ್ದೇನೆ ಅಂತ ಗೊತ್ತಾಗುತ್ತೆ. ಇನ್ನೂ ಉತ್ತರಕ್ಕೆ ಹೋದರೆ 1927ರಲ್ಲಿ ಮಾರುಕಟ್ಟೆಗೆ ಬಂದ ನ್ಯೂಕ್ಯಾಸಲ್ ಬ್ರೌನ್ ಏಲ್ ಇದೆ, ಶೇ 4.7 ಆಲ್ಕೋಹಾಲ್. ಅದು ಇನ್ನೂ ಸ್ವಲ್ಪ ತೆಳು, ತಿಳಿ. ಲಂಡನ್ ಕಡೆಯ ಮ್ಯಾನ್ಸ್ ಬ್ರೌನ್ ಬೇರೆಯದೇ ಜಾತಿ. ಸಿಹಿ ಜಾಸ್ತಿ, ಆಲ್ಕೋಹಾಲ್ ಶೇ 2.8 ಅಷ್ಟೇ. ನಾನು ಹೇಳುತ್ತಿರೋದು ಉತ್ತರದ ಬಗೆ.

ನನ್ನ ಮುಖ್ಯ ಮಾತು ಇದು. ಕಂದು ಬಣ್ಣ ಬರಲಿ ಅಂತ ಚಾಕಲೇಟ್ ಮಾಲ್ಟ್, ಅಂದರೆ ಕಡು ಬಣ್ಣಕ್ಕೆ ಹುರಿದ ಮಾಲ್ಟ್, ಸುರಿಯಬೇಡಿ. ಅದು ಕಾಫಿ ಕಹಿ ಕೊಡುತ್ತೆ, ಬಿಯರ್ ಪೋರ್ಟರ್ ಅನ್ನೋ ಕಡುಗಪ್ಪು ಬಗೆಯ ಕಡೆ ವಾಲುತ್ತೆ. ಶೇಂಗಾ, ಬಾದಾಮಿ ನೆನಪಿಸುವ ಘಮ ಬರೋದು ಅರೆ ಹುರಿದ ಪೇಲ್ (ತಿಳಿ ಬಣ್ಣದ) ಮಾಲ್ಟ್‌ನಿಂದ. ಅದನ್ನು ಮನೆಯಲ್ಲೇ, ಬೇಕಾದ ಹದಕ್ಕೆ ಹುರಿದುಕೊಳ್ಳಬಹುದು.

20 ಲೀಟರ್‌ಗೆ ನನ್ನ ಲೆಕ್ಕ:

ಮಾರಿಸ್ ಆಟರ್ ಪೇಲ್ ಮಾಲ್ಟ್ 3.8 ಕಿಲೋ. ಅದೇ ಮಾಲ್ಟ್ ಹುರಿದದ್ದು 350 ಗ್ರಾಂ. ಕ್ರಿಸ್ಟಲ್ ಮಾಲ್ಟ್, ಇಬಿಸಿ ಅನ್ನೋ ಬಣ್ಣದ ಅಳತೆಯಲ್ಲಿ 150ರದ್ದು, 250 ಗ್ರಾಂ. ಚಾಕಲೇಟ್ ಮಾಲ್ಟ್ 100 ಗ್ರಾಂ, ಅದಕ್ಕಿಂತ ಒಂದು ಚಿಟಿಕೆಯೂ ಬೇಡ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್ (ಕಹಿ ಕೊಡುವ ಹೂವು) 35 ಗ್ರಾಂ ಒಂದು ಗಂಟೆ ಕುದಿಯಲು, 15 ಗ್ರಾಂ ಕೊನೆಯ 10 ನಿಮಿಷಕ್ಕೆ. ಯೀಸ್ಟ್ ಎಸ್-04, 11.5 ಗ್ರಾಂನ ಒಂದು ಪ್ಯಾಕೆಟ್.

ಶೇ 70 ಎಫಿಶಿಯೆನ್ಸಿ (ಧಾನ್ಯದ ಸಕ್ಕರೆಯಲ್ಲಿ ರಸಕ್ಕೆ ಇಳಿಯುವ ಪಾಲು) ಹಿಡಿದರೆ ಶುರುವಿನ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ರಸದ ಸಾಂದ್ರತೆ) 1.048, ಕೊನೆಗೆ 1.012 ಹತ್ತಿರ. ಆಲ್ಕೋಹಾಲ್ ಸುಮಾರು ಶೇ 4.7. ಕಹಿ, ಐಬಿಯು ಅನ್ನೋ ಅಳತೆಯಲ್ಲಿ, 24ರ ಆಸುಪಾಸು. ಇಲ್ಲಿ ಹಾಪ್ಸ್ ಮಾಲ್ಟ್‌ಗೆ ಬೆನ್ನಾಸರೆ ಮಾತ್ರ, ಎದ್ದು ಕಾಣಬಾರದು.

ಡೊಂಬಿವಲಿ ಲೋಕಲ್

ಲೆಕ್ಕ ಚೆನ್ನಾಗಿದೆ. ಆದರೆ ಮನೆಯಲ್ಲಿ ಯಾಕೆ ಹುರಿಯಬೇಕು? ಆಂಬರ್, ಬಿಸ್ಕಿಟ್, ಬ್ರೌನ್ ಮಾಲ್ಟ್ ಎಲ್ಲಾ ಆಮದಾಗಿ ಬರುತ್ತೆ. ಕಾರ್ಖಾನೆಯವರು ಪ್ರತಿ ಸಲ ಒಂದೇ ಬಣ್ಣ ಕೊಡುತ್ತಾರೆ. ನಮ್ಮ ಒಲೆಯಲ್ಲಿ ಅದು ಸಾಧ್ಯವಾ?

ಕೊಥ್ರೂಡ್ ಕಡಾಯಿ

ಒಂದೇ ಬಣ್ಣ ಬೇಕಾದವರಿಗೆ ಆಮದಿನದೇ ಸರಿ. ಆದರೆ ಇಲ್ಲಿ ಅದು ಯಾವಾಗಲೂ ಸಿಗೋದಿಲ್ಲ. ಸಿಕ್ಕರೂ ಹಡಗು, ಗೋದಾಮು ಎಲ್ಲಾ ದಾಟಿ ಬರುವಷ್ಟರಲ್ಲಿ ಹುರಿದ ಘಮ ಅರ್ಧ ಹೋಗಿರುತ್ತೆ. ಮನೆಯಲ್ಲಿ ಹುರಿದದ್ದಕ್ಕೆ ಇರುವ ಜೀವ ಅದಕ್ಕೆ ಇರೋದಿಲ್ಲ. ಇದನ್ನು ನಾನು ಪಕ್ಕಪಕ್ಕ ಇಟ್ಟು ಕುಡಿದು ನೋಡಿಯೇ ಹೇಳುತ್ತಿದ್ದೇನೆ.

ಹುರಿಯೋದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಬಿಯರ್‌ನ ಹಣೆಬರಹ ಇಲ್ಲೇ ತೀರ್ಮಾನ ಆಗುತ್ತೆ.

ದಪ್ಪ ತಳದ ಕಬ್ಬಿಣದ ಕಡಾಯಿ ತಗೊಳ್ಳಿ. 400 ಗ್ರಾಂ ಪೇಲ್ ಮಾಲ್ಟ್ ಹಾಕಿ. ಒಡೆಯಬೇಡಿ, ಇಡೀ ಕಾಳೇ ಇರಲಿ. ತೇವ ಹೋಗಿ ತೂಕ ಸ್ವಲ್ಪ ಇಳಿಯುತ್ತೆ, ಅದಕ್ಕೆ 50 ಗ್ರಾಂ ಜಾಸ್ತಿ. ಉರಿ ಸಣ್ಣದು. ಮರದ ಸೌಟು ನಿಲ್ಲಬಾರದು.

ಮೊದಲು ಬರೋದು ಬೆಚ್ಚಗಿನ ಹುಲ್ಲಿನ ವಾಸನೆ. ಆಮೇಲೆ ಬ್ರೆಡ್ಡು. ಹತ್ತು ನಿಮಿಷ ದಾಟಿದ ಮೇಲೆ ಬಿಸ್ಕತ್ತು. ಇಲ್ಲಿ ನಿಲ್ಲಿಸಬೇಡಿ. 25 ನಿಮಿಷದ ಹತ್ತಿರ ಒಂದು ಘಟ್ಟ ಬರುತ್ತೆ. ಅಡುಗೆಮನೆಯ ಹೊರಗೆ ಇರುವವರು "ಶೇಂಗಾ ಹುರಿತಿದ್ದೀಯಾ?" ಅಂತ ಕೇಳುತ್ತಾರೆ. ಅದೇ ಹದ. ಇನ್ನು ಐದು ನಿಮಿಷ ಬಿಟ್ಟರೆ ಕಾಫಿ ವಾಸನೆ ಶುರುವಾಗುತ್ತೆ, ಆಗ ಹದ ಮೀರಿತು.

ಮೂಗು ಒಂದನ್ನೇ ನಂಬಬೇಡಿ. ಮೂರು ನಿಮಿಷಕ್ಕೊಮ್ಮೆ ಎರಡು ಕಾಳು ತೆಗೆದು ಚಾಕುವಿನಿಂದ ಅಡ್ಡ ಕತ್ತರಿಸಿ. ಹೊರಗಿನ ಸಿಪ್ಪೆ ಮೋಸ ಮಾಡುತ್ತೆ, ಅದು ಬೇಗ ಕೆಂಪಾಗುತ್ತೆ. ಒಳಗಿನ ಹಿಟ್ಟು ನೋಡಬೇಕು. ಶುರುವಿನಲ್ಲಿ ಸುಣ್ಣದ ಬಿಳಿ. ಆಮೇಲೆ ಕೆನೆ ಬಣ್ಣ. ಹದ ಬಂದಾಗ ತಿಳಿ ಕಂದು, ಅಂಚಿನಿಂದ ನಡುವಿನವರೆಗೂ ಒಂದೇ ಸಮ. ಅಂಚು ಕಪ್ಪು, ನಡು ಬಿಳಿ ಇದ್ದರೆ ಉರಿ ಜಾಸ್ತಿ ಅಂತ ಅರ್ಥ. ಕಾಳು ಕಚ್ಚಿಯೂ ನೋಡಿ. ಕಟಕ್ ಅಂತ ಒಡೆದು ಮೊದಲು ಸಿಹಿ, ಆಮೇಲೆ ಬೀಜದ ರುಚಿ ಬರಬೇಕು. ನಾಲಿಗೆ ಹಿಡಿಯುವ ಒಗರು ಬಂದರೆ ನಿಲ್ಲಿಸಿ.

ಇಳಿಸಿದ ತಕ್ಷಣ ಮೊರಕ್ಕೆ ಸುರಿದು ಹರಡಿ. ಬಿಸಿ ಕಡಾಯಿಯಲ್ಲೇ ಬಿಟ್ಟರೆ ಒಳಗೊಳಗೇ ಹುರಿಯುತ್ತಾ ಹೋಗುತ್ತೆ.

ಆಮೇಲೆ ಎರಡು ವಾರ ಮುಟ್ಟಬೇಡಿ. ಕಾಗದದ ಚೀಲದಲ್ಲಿ ಬಾಯಿ ಸಡಿಲ ಕಟ್ಟಿ ಇಡಿ. ಹುರಿದ ಹೊಸದರಲ್ಲಿ ಒಂದು ಖಾರ ಹೊಗೆ ವಾಸನೆ ಇರುತ್ತೆ, ಅದು ಬಿಯರ್‌ಗೆ ಇಳಿದರೆ ಗಂಟಲು ಕೆರೆಯುತ್ತೆ. ಎರಡು ವಾರದಲ್ಲಿ ಅದು ಹಾರಿಹೋಗುತ್ತೆ, ಬೀಜದ ಘಮ ಉಳಿಯುತ್ತೆ. ಈ ಕಾಯುವಿಕೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ವಕೀಲರ ಮನೆ, ಶಿವಾಜಿನಗರ

ನಡುವೆ ಬಂದೆ, ಕ್ಷಮಿಸಿ. ಹೊಸಬರು ಓದುವ ಜಾಗ ಇದು, ಹಾಗಾಗಿ ಹೇಳಲೇಬೇಕು. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಮೊದಲು ಅದರಲ್ಲಿ ಬಾಂಬೆ ಅಂತ ಇತ್ತು, ಈಗ ಮಹಾರಾಷ್ಟ್ರ ಅಂತ ಹೆಸರು. ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅದರ ಪ್ರಕಾರ ಅಪರಾಧ. ಮನೆ ಬಳಕೆಗೆ, ಮಾರಾಟಕ್ಕಲ್ಲ ಅಂದರೂ ರಿಯಾಯಿತಿ ಇಲ್ಲ. ಗೋವಾದಲ್ಲಿ ಮದ್ಯ ಅಗ್ಗ, ಅಂಗಡಿ ಜಾಸ್ತಿ. ಹಾಗಂತ ಅಲ್ಲಿ ತಯಾರಿಕೆ ಮುಕ್ತ ಅಂದುಕೊಳ್ಳಬೇಡಿ. 1964ರ ಅಬಕಾರಿ ಕಾಯ್ದೆ ಅಲ್ಲೂ ಪರವಾನಗಿ ಕೇಳುತ್ತೆ.

ಕೊಥ್ರೂಡ್ ಕಡಾಯಿ

ಸರಿಯಾದ ಸಮಯಕ್ಕೆ ಹೇಳಿದಿರಿ. ನಾನು ಮನೆಯಲ್ಲಿ ಮಾಡೋದು ಹುರಿಯುವ ಕೆಲಸ ಮಾತ್ರ. ಅದು ಬರೀ ಧಾನ್ಯ. ಮ್ಯಾಶ್‌ನಿಂದ (ಒಡೆದ ಮಾಲ್ಟ್ ಬಿಸಿನೀರಿನಲ್ಲಿ ನೆನೆಸಿ ಪಿಷ್ಟವನ್ನು ಸಕ್ಕರೆ ಮಾಡೋದು) ಮುಂದಿನದ್ದೆಲ್ಲಾ ಪರವಾನಗಿ ಇರುವ ಬ್ರೂಪಬ್ (ಬಿಯರ್ ಅಲ್ಲೇ ಮಾಡಿ ಮಾರುವ ಪಬ್) ಒಂದರ ಪ್ರಯೋಗದ ಪಾತ್ರೆಯಲ್ಲಿ. ಅಲ್ಲಿ ವಾರದ ಕೊನೆಗೆ ಕೈಜೋಡಿಸುತ್ತೇನೆ, ಅವರ ಬ್ರೂವರ್ ಪಕ್ಕದಲ್ಲೇ ಇರುತ್ತಾರೆ. ಪುಣೆಯಲ್ಲಿ ಇದಕ್ಕೆ ಅವಕಾಶ ಕೇಳಿದರೆ ಸಿಗುತ್ತೆ. ದೇಶದ ಮೊದಮೊದಲ ಮೈಕ್ರೋಬ್ರೂವರಿಗಳಲ್ಲಿ ಒಂದಾದ ಡೂಲಾಲಿ 2009ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ಆಗಿನಿಂದ ಇಲ್ಲಿ ಬ್ರೂವರ್‌ಗಳ ಒಂದು ಬಳಗವೇ ಬೆಳೆದಿದೆ. ಕಲಿಯೋ ಆಸೆ ಇರುವವರನ್ನು ಅವರು ಓಡಿಸೋದಿಲ್ಲ.

ಇಂಗ್ಲೆಂಡಿನಲ್ಲೂ 1963ರವರೆಗೆ ಮನೆ ಬ್ರೂಯಿಂಗ್‌ಗೆ ಲೈಸೆನ್ಸ್ ಬೇಕಿತ್ತು. ಆ ವರ್ಷ ಅದನ್ನು ತೆಗೆದರು. ಮಾರೋ ಹಾಗಿಲ್ಲ ಅಷ್ಟೇ. ಇಲ್ಲೂ ಒಂದು ದಿನ ಹಾಗಾಗಲಿ ಅನ್ನೋದು ನನ್ನ ಮನಸಾರೆ ಆಸೆ.

ಪಾಷಾಣ್ ಕೆರೆ

ನಾನು ಆಹಾರ ರಸಾಯನದವಳು. ಹುರಿಯುವ ಭಾಗ ಓದಿ ತುಂಬಾ ಖುಷಿಯಾಯಿತು. ಸ್ವಲ್ಪ ಸೇರಿಸುತ್ತೇನೆ.

ಇಲ್ಲಿ ನಡೆಯೋದು ಮೈಯಾರ್ ಕ್ರಿಯೆ. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ್ದು. ಅಮೈನೋ ಆಮ್ಲ ಮತ್ತು ಸಕ್ಕರೆ ಶಾಖದಲ್ಲಿ ಸೇರಿ ಹೊಸ ಹೊಸ ವಾಸನೆ, ಕಂದು ಬಣ್ಣ ಕೊಡುತ್ತವೆ. ಆ ಗುಂಪಿನಲ್ಲಿ ಪೈರಜೀನ್ ಅನ್ನೋವು ಇವೆ. ಹುರಿದ ಶೇಂಗಾಕ್ಕೂ ಹುರಿದ ಮಾಲ್ಟ್‌ಗೂ ಆ ಘಮ ಕೊಡೋದು ಅವೇ. ಹಾಗಾಗಿ "ಬೀಜದ ರುಚಿ" ಬರೀ ಹೋಲಿಕೆ ಅಲ್ಲ, ಒಳಗಿರುವ ವಸ್ತುವೇ ಒಂದೇ ಬಗೆಯದು.

ಆದರೆ ಕಡಾಯಿ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕಡಾಯಿ ತಳದ ಶಾಖ 200 ದಾಟಿದ್ದರೂ ಗೊತ್ತಾಗೋದಿಲ್ಲ. ಓಟಿಜಿ (ಸಣ್ಣ ಎಲೆಕ್ಟ್ರಿಕ್ ಓವನ್) ಇದ್ದರೆ 175 ಡಿಗ್ರಿಗೆ ಇಟ್ಟು, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಐದು ನಿಮಿಷಕ್ಕೊಮ್ಮೆ ಕೈಯಾಡಿಸಿ. 15 ನಿಮಿಷಕ್ಕೆ ತಿಳಿ ಘಮ, 30ಕ್ಕೆ ಆಂಬರ್ ಮಾಲ್ಟ್‌ನ ಹದ, ಒಂದು ಗಂಟೆಗೆ ಬ್ರೌನ್ ಮಾಲ್ಟ್. ಬ್ರೌನ್ ಏಲ್‌ಗೆ 30 ನಿಮಿಷ ಸಾಕು. ಮುಂದಿನ ಸಲ ಅದೇ ಹದ ಮತ್ತೆ ಬರುತ್ತೆ.

ಇನ್ನೊಂದು ಮಾತು. ಹುರಿದ ಮಾಲ್ಟ್‌ನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಎಂಜೈಮ್ ಸಾಯುತ್ತೆ, ಆದರೆ ಪಿಷ್ಟ ಉಳಿದಿರುತ್ತೆ. ಅದನ್ನು ಬಿಸಿನೀರಿನಲ್ಲಿ ಸುಮ್ನೆ ನೆನೆಸಿ ಸೋಸಿಕೊಂಡರೆ ಬಿಯರ್ ಮಬ್ಬಾಗುತ್ತೆ. ಪೇಲ್ ಮಾಲ್ಟ್ ಜೊತೆ ಮ್ಯಾಶ್ ಮಾಡಲೇಬೇಕು. ಕ್ರಿಸ್ಟಲ್ ಮಾಲ್ಟ್ ಕಥೆ ಬೇರೆ. ಅದರ ಪಿಷ್ಟವನ್ನು ಕಾಳಿನೊಳಗೇ ಸಕ್ಕರೆ ಮಾಡಿ ಆಮೇಲೆ ಹುರಿದಿರುತ್ತಾರೆ. ಅದನ್ನು ನೆನೆಸಿದರೂ ನಡೆಯುತ್ತೆ.

ಕೊಥ್ರೂಡ್ ಕಡಾಯಿ

ಓಟಿಜಿ ಮಾತು ಒಪ್ಪುತ್ತೇನೆ. ಮೊದಲ ಸಲ ಹುರಿಯುವವರು ಅದರಲ್ಲೇ ಮಾಡಿ. ಕಡಾಯಿಯಲ್ಲಿ ವಾಸನೆ ಬದಲಾಗೋದು ಮುಖಕ್ಕೇ ಹೊಡೆಯುತ್ತೆ, ಅದರಿಂದ ಮೂಗು ಪಳಗುತ್ತೆ. ನನಗೆ ಅದಕ್ಕೇ ಕಡಾಯಿ ಇಷ್ಟ.

ಮಡಗಾಂವ್ ಮಳೆ

ಎರಡು ಪ್ರಶ್ನೆ. ಇಲ್ಲಿ ಗೋವಾದಲ್ಲಿ ಗೋಡಂಬಿ ಬೇಕಾದಷ್ಟು. ಹುರಿದು ಪುಡಿ ಮಾಡಿ ಕೊನೆಗೆ ಸ್ವಲ್ಪ ಹಾಕಿದರೆ ಘಮ ಹೆಚ್ಚಾಗೋದಿಲ್ವಾ? ಎರಡನೇದು, ಮಳೆಗಾಲದಲ್ಲಿ ಮಾಲ್ಟ್ ಇಡೋದು ಹೇಗೆ? ಜೂನ್ ಬಂದರೆ ನಮ್ಮಲ್ಲಿ ಅಕ್ಕಿಗೇ ಹುಳ ಬೀಳುತ್ತೆ.

ಪಾಷಾಣ್ ಕೆರೆ

ಗೋಡಂಬಿ ಬೇಡ. ಅದರ ತೂಕದಲ್ಲಿ ಅರ್ಧದ ಹತ್ತಿರ ಕೊಬ್ಬು. ಆ ಎಣ್ಣೆ ನೊರೆಯನ್ನು ಕೊಲ್ಲುತ್ತೆ. ಗ್ಲಾಸಿಗೆ ಸುರಿದ ಕ್ಷಣದಲ್ಲೇ ನೊರೆ ಇಳಿದುಹೋಗುತ್ತೆ. ಬಾಟಲಿಯಲ್ಲಿ ವಾರಗಟ್ಟಲೆ ಕೂತರೆ ಎಣ್ಣೆ ಕಮಟುತ್ತೆ ಕೂಡ. ಬೀಜದ ಅಲರ್ಜಿ ಇರುವವರು ಕುಡಿದರೆ ಅಪಾಯ ಬೇರೆ. ಹುರಿದ ಮಾಲ್ಟ್ ಅದೇ ಘಮ ಎಣ್ಣೆ ಇಲ್ಲದೆ ಕೊಡುತ್ತಿರುವಾಗ ಇದರ ಅಗತ್ಯವೇ ಇಲ್ಲ.

ಸಂಗ್ರಹದ ಬಗ್ಗೆ: ಒಳ್ಳೆ ಮಾಲ್ಟ್‌ನಲ್ಲಿ ತೇವ ಶೇ 4-5 ಮಾತ್ರ. ಅದು ಗಾಳಿಯ ತೇವ ಬೇಗ ಹೀರುತ್ತೆ. ಕಚ್ಚಿದಾಗ ಕಟಕ್ ಅನ್ನದೆ ಮೆತ್ತಗಾದರೆ ಮಾಲ್ಟ್ ಕೆಟ್ಟ ಹಾಗೆ. ಗಾಳಿಯಾಡದ ಡಬ್ಬಿಗೆ ತುಂಬಿ, ಒಡೆಯದೆ ಇಡೀ ಕಾಳಾಗಿ ಇಡಿ. ಹುಳದ ಭಯ ಇದ್ದರೆ ಫ್ರೀಜರ್‌ನಲ್ಲಿ ಮೂರ್ನಾಲ್ಕು ದಿನ ಇಟ್ಟು, ಕೋಣೆಯ ಶಾಖಕ್ಕೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ. ತಣ್ಣಗಿರುವಾಗಲೇ ತೆಗೆದರೆ ಕಾಳಿನ ಮೇಲೆ ನೀರು ಕೂರುತ್ತೆ.

ವಿಜಯಪುರದ ಬಿಳಿಜೋಳ, ಹಿಂಜವಡಿ

ಹುರಿಯೋದು ತಿಳೀತು. ಒಡೆಯೋದು ಹೇಗೆ? ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ನಡೆಯುತ್ತಾ? ಮ್ಯಾಶ್ ದಿನದ ಕೆಲಸವನ್ನೂ ಒಂದು ಸಲ ಬಿಡಿಸಿ ಬರೆಯಿರಿ. ನಾನೂ ಒಬ್ಬ ಬ್ರೂವರ್ ಹತ್ತಿರ ಕಲಿಯಲು ಮಾತಾಡಿದ್ದೇನೆ. ಹೋಗೋ ಮೊದಲು ತಿಳಿದುಕೊಂಡು ಹೋಗಬೇಕು ಅಂತ.

ಕೊಥ್ರೂಡ್ ಕಡಾಯಿ

ಗಿರಣಿ ಬೇಡ. ಕಲ್ಲು ಎಷ್ಟೇ ಸಡಿಲ ಬಿಟ್ಟರೂ ಸಿಪ್ಪೆ ಪುಡಿಯಾಗುತ್ತೆ. ಹಿಂದೆ ಬೀಸಿದ ಮೆಣಸಿನಕಾಯಿ ವಾಸನೆ ಬೇರೆ ಸೇರುತ್ತೆ. ನಮಗೆ ಕಾಳು ನಾಲ್ಕೈದು ಚೂರಾಗಬೇಕು, ಸಿಪ್ಪೆ ಇಡಿಯಾಗಿ ಉಳಿಯಬೇಕು. ಸೋಸುವಾಗ ಆ ಸಿಪ್ಪೆಯೇ ಜರಡಿ. ಸಿಪ್ಪೆ ಪುಡಿಯಾದರೆ ಎಲ್ಲಾ ಅಂಟಿಕೊಂಡು ನೀರು ಇಳಿಯೋದೇ ಇಲ್ಲ, ಮೇಲಿಂದ ಒಗರೂ ಬರುತ್ತೆ. ಎರಡು ರೋಲರಿನ ಕೈ ಮಿಲ್ ಉತ್ತಮ. ರೋಲರ್ ನಡುವಿನ ಸಂದು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನೆನಪಿರಲಿ, ಹುರಿದ ಕಾಳು ಗರಿಗರಿ ಇರೋದರಿಂದ ಬೇಗ ಪುಡಿಯಾಗುತ್ತೆ. ಅದನ್ನು ಕೊನೆಗೆ, ನಿಧಾನ ತಿರುಗಿಸಿ ಒಡೆಯಿರಿ.

ಮ್ಯಾಶ್: ಒಟ್ಟು 4.5 ಕಿಲೋ ಧಾನ್ಯಕ್ಕೆ 12 ಲೀಟರ್ ನೀರು. ಧಾನ್ಯ 25 ಡಿಗ್ರಿ ಇದ್ದರೆ ನೀರು 73-74ಕ್ಕೆ ಕಾಯಿಸಿ ಸುರಿಯಿರಿ. ಗಂಟಾಗದ ಹಾಗೆ ಕಲಸಿದರೆ 67ಕ್ಕೆ ಬಂದು ನಿಲ್ಲುತ್ತೆ. ತೆಳು ಗಂಜಿಯ ಹಾಗೆ ಇರಬೇಕು. ಪಾತ್ರೆಗೆ ದಪ್ಪ ಕಂಬಳಿ ಸುತ್ತಿ ಒಂದು ಗಂಟೆ ಬಿಡಿ.

67 ಯಾಕೆ? 64-65ರಲ್ಲಿ ಯೀಸ್ಟ್ ತಿನ್ನಬಲ್ಲ ಸಕ್ಕರೆ ಜಾಸ್ತಿ, ಬಿಯರ್ ತೆಳ್ಳಗೆ, ಒಣ ಒಣ. 69ರಲ್ಲಿ ತಿನ್ನಲಾಗದ ಸಕ್ಕರೆ ಉಳಿದು ಭಾರವಾಗುತ್ತೆ. ಬೀಜದ ರುಚಿ ನಾಲಿಗೆ ಮೇಲೆ ನಿಲ್ಲೋಕೆ ಸ್ವಲ್ಪ ಮೈ ಬೇಕು, ಆದರೆ ಪಾಯಸ ಆಗಬಾರದು. ಹಾಗಾಗಿ ನಡುವೆ.

ಗಂಟೆ ಆದ ಮೇಲೆ ಅಯೋಡಿನ್ ಪರೀಕ್ಷೆ ಮಾಡಿ. ಬಿಳಿ ಸಾಸರ್ ಮೇಲೆ ಒಂದು ಚಮಚ ತಿಳಿರಸ, ಸಿಪ್ಪೆ ಚೂರು ಬರಬಾರದು. ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಒಂದು ತೊಟ್ಟು. ನೀಲಿ ಕಪ್ಪಾದರೆ ಪಿಷ್ಟ ಇನ್ನೂ ಇದೆ, ಹತ್ತು ನಿಮಿಷ ಕಾಯಿರಿ. ತೊಟ್ಟು ತನ್ನ ಕಂದು ಬಣ್ಣದಲ್ಲೇ ಉಳಿದರೆ ಕೆಲಸ ಮುಗಿಯಿತು. ಆ ಸಾಸರ್ ರಸ ಚೆಲ್ಲಿಬಿಡಿ, ಪಾತ್ರೆಗೆ ವಾಪಸ್ ಬೇಡ.

ಆಮೇಲೆ ಸೋಸಿ, 75 ಡಿಗ್ರಿಯ 16 ಲೀಟರ್ ನೀರು ನಿಧಾನ ಮೇಲಿಂದ ಹನಿಸಿ ತೊಳೆಯಿರಿ. ಧಾನ್ಯ ನಾಲ್ಕೂವರೆ ಲೀಟರ್ ಹೀರಿಕೊಳ್ಳುತ್ತೆ. ಕೈಗೆ 23-24 ಲೀಟರ್ ಬರುತ್ತೆ. ಒಂದು ಗಂಟೆ ಚೆನ್ನಾಗಿ ಕುದಿಸಿದರೆ 20ಕ್ಕೆ ಇಳಿಯುತ್ತೆ. ಮುಚ್ಚಳ ಹಾಕಬೇಡಿ. ತಾಮ್ರದ ಸುರುಳಿ ಇಳಿಬಿಟ್ಟು ನಲ್ಲಿ ನೀರು ಹರಿಸಿ ತಣಿಸಿ. ಡಿಸೆಂಬರ್‌ನಲ್ಲಿ ಪುಣೆಯ ನಲ್ಲಿ ನೀರೇ ಸಾಕು, ಐಸ್ ಬೇಕಿಲ್ಲ.

ಕುದಿ ನಿಂತ ಮೇಲೆ ರಸಕ್ಕೆ ತಾಗುವ ಪ್ರತಿಯೊಂದೂ ಸ್ಯಾನಿಟೈಸ್ ಆಗಿರಬೇಕು. ಇದರಲ್ಲಿ ಅಡ್ಡದಾರಿ ಇಲ್ಲ.

ಉಳಿದ ಚರಟ ಅದೇ ದಿನ ಹಸುವಿಗೆ ಹೋಗಲಿ. ಮಾರನೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತೆ.

ವಿಜಯಪುರದ ಬಿಳಿಜೋಳ, ಹಿಂಜವಡಿ

ತುಂಬಾ ಉಪಕಾರ. ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ವಾರದಲ್ಲಿ ಅರ್ಧದಷ್ಟು ದಿನ ಟ್ಯಾಂಕರ್ ನೀರು. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂತಿದೆ.

ಪಾಷಾಣ್ ಕೆರೆ

ಒಳ್ಳೆ ಪ್ರಶ್ನೆ. ಪುಣೆಯಲ್ಲಿ ನೀರು ಎರಡು ಬಗೆ. ಖಡಕ್‌ವಾಸ್ಲಾ, ಪಾನ್‌ಶೇತ್ ಕಡೆಯ ಅಣೆಕಟ್ಟಿನಿಂದ ಬರೋದು ಸಹ್ಯಾದ್ರಿ ಮಳೆ ನೀರು, ಮೆದು. ಟ್ಯಾಂಕರ್‌ನಲ್ಲಿ ಬರೋದು ಹೆಚ್ಚಾಗಿ ಬೋರ್‌ವೆಲ್‌ದು. ಅದು ಬಸಾಲ್ಟ್ ಬಂಡೆಯ ಸಂದಿನಲ್ಲಿ ನಿಂತ ನೀರು, ಅದರಲ್ಲಿ ಬೈಕಾರ್ಬೊನೇಟ್ ಜಾಸ್ತಿ. ನಿಮ್ಮ ಕಾಯಿಲ್ ಮೇಲಿನ ಪದರ ಅದರದ್ದೇ.

ಬೈಕಾರ್ಬೊನೇಟ್ ಮ್ಯಾಶ್‌ನ ಪಿಎಚ್ ಏರಿಸುತ್ತೆ. ನಮಗೆ 5.2ರಿಂದ 5.6 ಬೇಕು. ಹುರಿದ ಮಾಲ್ಟ್ ಸ್ವಲ್ಪ ಆಮ್ಲೀಯ, ಅದು ಪಿಎಚ್ ಇಳಿಸುತ್ತೆ. ಹಾಗಾಗಿ ಕಂದು ಬಿಯರ್ ಗಡಸು ನೀರನ್ನು ತಿಳಿ ಬಿಯರ್‌ಗಿಂತ ಚೆನ್ನಾಗಿ ತಡೆದುಕೊಳ್ಳುತ್ತೆ. ಆದರೂ ಟ್ಯಾಂಕರ್ ನೀರೇ ಪೂರ್ತಿ ಬೇಡ. ಅರ್ಧ ಆರ್‌ಒ ನೀರು ಬೆರೆಸಿ. ಒಟ್ಟು 28 ಲೀಟರ್‌ಗೆ ಆಹಾರ ದರ್ಜೆಯ ಕ್ಯಾಲ್ಸಿಯಂ ಕ್ಲೋರೈಡ್ 4 ಗ್ರಾಂ ಹಾಕಿ. ಕ್ಲೋರೈಡ್ ಮಾಲ್ಟ್ ರುಚಿಯನ್ನು ದುಂಡಗೆ ಮಾಡುತ್ತೆ. ಜಿಪ್ಸಮ್ ಇಲ್ಲಿ ಬೇಡ, ಅದು ಹಾಪ್ಸ್ ಕಹಿಯನ್ನು ಮುಂದೆ ತರುತ್ತೆ.

ನಲ್ಲಿ ನೀರಾದರೆ ಕ್ಲೋರಿನ್ ಹೋಗಬೇಕು. ಹಿಂದಿನ ರಾತ್ರಿ ಕುದಿಸಿ, ಬಾಯಿ ತೆರೆದು ಇಡಿ. ಕ್ಲೋರಿನ್ ಉಳಿದರೆ ಬಿಯರ್‌ನಲ್ಲಿ ಆಸ್ಪತ್ರೆ ವಾಸನೆ ಬರುತ್ತೆ, ಆಮೇಲೆ ಏನು ಮಾಡಿದರೂ ಹೋಗೋದಿಲ್ಲ.

ಡೊಂಬಿವಲಿ ಲೋಕಲ್

ನವಿ ಮುಂಬೈನ ಗೆಳೆಯರ ಬ್ರೂವರಿಯಲ್ಲಿ ದೊಡ್ಡ ಟ್ಯಾಂಕ್‌ಗಳಿಗೆ ಕೂಲಿಂಗ್ ಇದೆ. ಪ್ರಯೋಗದ ಸಣ್ಣ ಬಕೆಟ್‌ಗೆ ಇಲ್ಲ, ಮೂಲೆಯಲ್ಲಿ ಇಡಬೇಕು. ಚಳಿಗಾಲದಲ್ಲೂ ಅಲ್ಲಿ 28 ಡಿಗ್ರಿ. ಪುಣೆಯವರು ಬಕೆಟ್‌ಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಇಡುತ್ತಾರಂತೆ. ಇಲ್ಲಿ ಅದು ಕೆಲಸ ಮಾಡುತ್ತಾ? ಅಥವಾ ಸೆಕೆ ತಡೆಯುವ ಕ್ವೈಕ್ ಯೀಸ್ಟ್ ಹಾಕಲಾ?

ಕೊಥ್ರೂಡ್ ಕಡಾಯಿ

ಒದ್ದೆ ಬಟ್ಟೆ ಪುಣೆಯ ಏಪ್ರಿಲ್‌ನ ಒಣ ಗಾಳಿಗೆ ಸರಿ. ಮುಂಬೈ ಗಾಳಿಯಲ್ಲಿ ತೇವ ಜಾಸ್ತಿ, ಬಟ್ಟೆ ಒಣಗೋದೇ ಇಲ್ಲ. ಒಣಗದಿದ್ದರೆ ತಂಪೂ ಇಲ್ಲ. ಹಳೇ ಫ್ರಿಜ್ ಒಂದಕ್ಕೆ ಟೆಂಪರೇಚರ್ ಕಂಟ್ರೋಲರ್ ಜೋಡಿಸಿ. ಸೆನ್ಸರನ್ನು ಬಕೆಟ್ ಮೈಗೆ ಅಂಟಿಸಿ, ಮೇಲೆ ಥರ್ಮಾಕೋಲ್ ತುಂಡು ಕಟ್ಟಿ. ಗಾಳಿಯ ಶಾಖ ಅಳೆದು ಪ್ರಯೋಜನ ಇಲ್ಲ. ಯೀಸ್ಟ್ ಕೆಲಸ ಶುರು ಮಾಡಿದಾಗ ಒಳಗೆ ಹೊರಗಿಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ಇರುತ್ತೆ.

ಕ್ವೈಕ್ ಬಗ್ಗೆ: ವಾಸ್ ತಳಿ 35-40 ಡಿಗ್ರಿಯಲ್ಲೂ ಶುದ್ಧವಾಗಿ ಕೆಲಸ ಮಾಡುತ್ತೆ. ಅದು ಅದ್ಭುತ ಯೀಸ್ಟ್, ಬೇಸಿಗೆಯ ತಿಳಿ ಬಿಯರ್‌ಗೆ ನಾನೂ ಹೇಳುತ್ತೇನೆ. ಆದರೆ ಕಿತ್ತಳೆಯ ಛಾಯೆ ಬಿಡುತ್ತೆ. ಎರಡು ವಾರ ಕಾದು ಪಡೆದ ಬೀಜದ ಘಮ ಅದರಡಿ ಹೂತುಹೋಗುತ್ತೆ. ಈ ಬಿಯರ್‌ಗೆ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎಸ್-04 ಅನ್ನು 18ರಲ್ಲಿ ಹಾಕಿ. ಮೊದಲ ಮೂರು ದಿನ 18-20 ದಾಟದಿರಲಿ. ಆಮೇಲೆ 21ಕ್ಕೆ ಏರಲು ಬಿಡಿ. ಆಗ ಯೀಸ್ಟ್ ಬೆಣ್ಣೆ ವಾಸನೆಯ ಡೈಅಸಿಟೈಲ್ ಅನ್ನು ತಾನೇ ತಿಂದು ಮುಗಿಸುತ್ತೆ. ಏರ್‌ಲಾಕ್ (ಗ್ಯಾಸ್ ಹೊರಬಿಡುವ ಕೊಳವೆ) ಗುಳುಗುಳು ನಿಂತಿತು ಅಂತ ಬಾಟಲಿಗೆ ತುಂಬಬೇಡಿ. ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಬೇಕು.

ವಿಜಯಪುರದ ಬಿಳಿಜೋಳ, ಹಿಂಜವಡಿ

ಕೊನೆಗೆ ನನ್ನ ಊರಿನ ಪ್ರಶ್ನೆ. ಪೇಲ್ ಮಾಲ್ಟ್‌ನಲ್ಲಿ ಸ್ವಲ್ಪ ಕಡಿಮೆ ಮಾಡಿ ಜೋಳದ ಮಾಲ್ಟ್ ಅಥವಾ ರಾಗಿ ಮಾಲ್ಟ್ ಹಾಕಬಹುದಾ? ಮೊಳಕೆ ಕಟ್ಟಿದ ರಾಗಿ ಹುರಿದರೆ ಬರುವ ಘಮ ಇದಕ್ಕೆ ಬಹಳ ಹತ್ತಿರ ಅನಿಸುತ್ತೆ.

ಪಾಷಾಣ್ ಕೆರೆ

ಹಾಕಬಹುದು, ನನಗಂತೂ ಬಹಳ ಇಷ್ಟದ ಯೋಚನೆ. ಎರಡು ಎಚ್ಚರಿಕೆ. ಕಿರುಧಾನ್ಯ, ಜೋಳದ ಪಿಷ್ಟ ಬಾರ್ಲಿಗಿಂತ ಹೆಚ್ಚಿನ ಶಾಖದಲ್ಲಿ ಬಿಚ್ಚಿಕೊಳ್ಳುತ್ತೆ, 67 ಡಿಗ್ರಿ ಸಾಲದು. ಅದನ್ನು ಬೇರೆ ಪಾತ್ರೆಯಲ್ಲಿ ಗಂಜಿ ಕಾಯಿಸಿ, ಆರಿಸಿ, ಆಮೇಲೆ ಮುಖ್ಯ ಮ್ಯಾಶ್‌ಗೆ ಸೇರಿಸಿ. ಬಾರ್ಲಿಯ ಎಂಜೈಮ್ ಅದನ್ನೂ ಸಕ್ಕರೆ ಮಾಡಿಕೊಡುತ್ತೆ. ಎರಡನೇದು, ರಾಗಿಗೆ ಬಾರ್ಲಿಯ ಹಾಗೆ ಅಂಟಿದ ಸಿಪ್ಪೆ ಇಲ್ಲ, ಸೋಸೋದು ಕಷ್ಟ. ಒಟ್ಟು ಧಾನ್ಯದಲ್ಲಿ ಹತ್ತರಲ್ಲಿ ಒಂದು ಪಾಲು ಸಾಕು. ಒಂದು ಹಿಡಿ ಭತ್ತದ ಹೊಟ್ಟು ತೊಳೆದು ಸೇರಿಸಿದರೆ ನೀರು ಸಲೀಸಾಗಿ ಇಳಿಯುತ್ತೆ.

ಮಡಗಾಂವ್ ಮಳೆ

ಬಾಟಲಿಗೆ ಎಷ್ಟು ಸಕ್ಕರೆ? ಎಷ್ಟು ದಿನ ಕಾಯಬೇಕು?

ಕೊಥ್ರೂಡ್ ಕಡಾಯಿ

20 ಲೀಟರ್‌ಗೆ 90 ಗ್ರಾಂ ಮಾಮೂಲಿ ಸಕ್ಕರೆ, ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿದ್ದು. ಈ ಬಗೆಗೆ ಗ್ಯಾಸ್ ಕಡಿಮೆ ಇರಬೇಕು. ಜಾಸ್ತಿ ಗ್ಯಾಸ್ ನಾಲಿಗೆ ಚುಚ್ಚಿ ಮಾಲ್ಟ್ ರುಚಿ ಮುಚ್ಚುತ್ತೆ. ಕಂದು ಗಾಜಿನ ಬಾಟಲಿ ಇರಲಿ. ಬೆಳಕು ಬಿದ್ದರೆ ಹಾಪ್ಸ್ ನಾರುತ್ತೆ. ಒಂದೆರಡು ಸೋಡಾದ ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಡಿ. ಅದನ್ನು ಒತ್ತಿ ನೋಡಿದರೆ ಗ್ಯಾಸ್ ಎಷ್ಟು ಕಟ್ಟಿದೆ ಅಂತ ತಿಳಿಯುತ್ತೆ, ಗಾಜು ತೆರೆಯಬೇಕಿಲ್ಲ.

ಮೂರು ವಾರಕ್ಕೆ ಕುಡಿಯಬಹುದು. ನನಗೆ ರುಚಿ ಅನಿಸೋದು ಆರನೇ ವಾರದ ಸುತ್ತ. ಹುರಿದ ಮಾಲ್ಟ್‌ನ ಒರಟು ಅಂಚು ಆಗ ಕರಗಿರುತ್ತೆ. ಮೂರ್ನಾಲ್ಕು ತಿಂಗಳು ದಾಟಿದರೆ ಗಾಳಿ ತಾಗಿ ರಟ್ಟಿನ ವಾಸನೆ ಸೇರುತ್ತೆ, ಅಷ್ಟು ದಿನ ಇಡಬೇಡಿ. ಫ್ರಿಜ್‌ನಿಂದ ತೆಗೆದು ಹದಿನೈದು ಇಪ್ಪತ್ತು ನಿಮಿಷ ಹೊರಗಿಟ್ಟು 10-12 ಡಿಗ್ರಿಯಲ್ಲಿ ಸುರಿಯಿರಿ. ಮೈ ಕೊರೆಯುವ ತಣ್ಣಗಿದ್ದರೆ ಘಮ ಏಳೋದಿಲ್ಲ.

ಮಾರಿಸ್ ಆಟರ್ 25 ಕಿಲೋ ಚೀಲ ತರಿಸುತ್ತಿದ್ದೇನೆ. ಹುರಿದು ಪ್ರಯೋಗ ಮಾಡಲು ಎರಡು ಮೂರು ಕಿಲೋ ಬೇಕಾದವರು ಇಲ್ಲೇ ಬರೆಯಿರಿ. ಕೊಥ್ರೂಡ್‌ಗೆ ಬಂದು ತಗೊಂಡು ಹೋಗಬೇಕು, ಡಬ್ಬಿ ನಿಮ್ಮದೇ ತನ್ನಿ.